ಮೇಷ್ಟ್ರ ಚಾಕು, ನಾಲ್ಕನೆಯ ಮೊಳೆ

ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಚಾಕುವಿನ ಮೂತಿ ಮುರಿದವರು ಸ್ವತಃ ವಿಜ್ಞಾನದ ಮೇಷ್ಟ್ರು. ಅದರ ತುದಿಯಿಂದ ರೇಡಿಯೋದ ಸ್ಕ್ರೂ ಬಿಚ್ಚಲು ಹೋಗಿದ್ದರು. ಸ್ಕ್ರೂ ಇದ್ದಲ್ಲೇ ಇತ್ತು. ತುದಿ ಹಾರಿ ಅಮ್ಮನ ಚಹಾ ಲೋಟದಲ್ಲಿ ಬಿತ್ತು. (ಅಮ್ಮ ಅದನ್ನು ಚಮಚದಲ್ಲಿ ಎತ್ತಿ ಪಕ್ಕಕ್ಕಿಟ್ಟು ಚಹಾ ಮುಗಿಸಿದರು. ಮೇಷ್ಟ್ರನ್ನು ಹೆತ್ತು ಸಾಕಿದವರಿಗೆ ಇಂಥದ್ದೆಲ್ಲ ಅಭ್ಯಾಸ.)

ಮರುದಿನ ಹೆಂಡತಿ ಉಳಿದ ಮೊಂಡು ಚಾಕುವಿನಿಂದ ಟೊಮೆಟೊ ಕೊಯ್ಯಲು ಹೋದಳು. ಟೊಮೆಟೊ ಸೀದಾ ಗೋಡೆಗೆ ಚಿಮ್ಮಿತು.

"ರೀ, ಅಂಗಡಿಗೆ ಹೋಗಿ ಹೊಸ ಚಾಕು ತನ್ನಿ."

"ತರೋದ್ಯಾಕೆ? ನಾನೇ ಮಾಡ್ತೀನಿ. ಪೆಟ್ಟಿಗೇಲಿ ಎಲ್ಲಾ ಇದೆ."

ಪೆಟ್ಟಿಗೆಯ ಹೆಸರೆತ್ತಿದ್ದೇ ತಪ್ಪಾಯಿತು. ಮಂಚದ ಕೆಳಗಿನ ಆ ಮರದ ಪೆಟ್ಟಿಗೆ ಹನ್ನೊಂದು ವರ್ಷಗಳಿಂದ ಹೆಂಡತಿಯ ಕಾಲಿನ ಕಿರುಬೆರಳಿಗೆ ಪರಮವೈರಿ. ಅದರೊಳಗೆ ಮುರಿದ ಗರಗಸದ ಅಲಗು, ಕೀಲಿಯಿಲ್ಲದ ಬೀಗ, ಬೀಗವಿಲ್ಲದ ಕೀಲಿ (ಎರಡಕ್ಕೂ ಸಂಬಂಧವಿಲ್ಲ, ಮೇಷ್ಟ್ರು ಪರೀಕ್ಷಿಸಿದ್ದಾರೆ), ಕುರ್ಚಿಯ ಒಂಟಿ ಕಾಲು, ನಾಲ್ಕು ಹಿತ್ತಾಳೆ ಮೊಳೆ. ಮುಚ್ಚಳದ ಮೇಲೆ ಮೇಷ್ಟ್ರ ದುಂಡು ಅಕ್ಷರದ ಚೀಟಿ: 'ಒಂದು ದಿನ ಬೇಕಾಗುತ್ತದೆ.'

"ಆ ಒಂದು ದಿನ ಯಾವತ್ತು ಅಂತ ಹನ್ನೊಂದು ವರ್ಷದಿಂದ ಕಾಯ್ತಿದೀನಿ," ಎಂದಳು ಹೆಂಡತಿ. "ಸರಿ. ಭಾನುವಾರ ಮಧ್ಯಾಹ್ನದ ಅಡುಗೆ ಹೊತ್ತಿಗೆ ಆ ಪೆಟ್ಟಿಗೆಯಿಂದ ಚಾಕು ಹುಟ್ಟಿ, ಹಣ್ಣು ಟೊಮೆಟೊ ಕೊಯ್ದರೆ, ಇನ್ನು ಮುಂದೆ ಪೆಟ್ಟಿಗೆ ವಿಷಯ ನಾನು ಒಂದು ಮಾತೂ ಆಡಲ್ಲ. ಇಲ್ಲಾಂದ್ರೆ ಅದು ಗುಜರಿಗೆ."

"ಒಪ್ಪಿದೆ! ಅಮ್ಮ ಸಾಕ್ಷಿ."

"ನನ್ನನ್ನ ಎಳೀಬೇಡ ಕಣೋ," ಎಂದರು ಅಮ್ಮ. "ಗೆದ್ದವನು ಸೋತ, ಸೋತವನು ಸತ್ತ ಅಂತ ಗಾದೆ ಸುಮ್ನೆ ಮಾಡಿಲ್ಲ."

ಮೇಷ್ಟ್ರು ಹೊಸ ನೋಟ್‌ಬುಕ್ಕಿನಲ್ಲಿ ಉದ್ದೇಶ, ಸಾಮಗ್ರಿ, ವಿಧಾನ ಎಂದು ಬರೆದು ಗೆರೆ ಎಳೆದರು. ಶನಿವಾರವೇ ಗರಗಸದ ಅಲಗನ್ನು ಕಾಯಿಸಿ, ಬೂದಿಯಲ್ಲಿ ನಿಧಾನವಾಗಿ ತಣಿಸಿ, ಮೆತ್ತಗಾದ ಮೇಲೆ ಅರದಿಂದ ಉಜ್ಜಿ ಆಕಾರ ಕೊಟ್ಟು, ಮೊಳೆಗಳಿಗೆ ಮೂರು ತೂತು ಕೊರೆದರು. ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ಒಡಕು ಹೂಕುಂಡದ ತುಂಬ ಇದ್ದಿಲು ಹಾಕಿ, ಅದರ ತಳದ ತೂತಿಗೆ ಗಾಳಿ ಊದಲು ಶುರುಮಾಡಿದರು.

"ರೀ! ಅದು ನಾನು ತಲೆ ಒಣಗಿಸೋ ಡ್ರೈಯರ್!"

"ಡ್ರೈಯರ್ ಅಲ್ಲ ಕಣೇ, ಈಗ ಇದು ಕುಲುಮೆಯ ತಿದಿ."

"ನಾನು ಒದ್ದೆ ತಲೇಲಿ ನಿಂತಿದೀನಿ!"

"ಇಲ್ಲೇ ಬಾ. ಬಿಸಿ ಚೆನ್ನಾಗಿದೆ."

ಬೇರೆ ದಾರಿ ಕಾಣದೆ ಹೆಂಡತಿ ಕುಲುಮೆಯ ಪಕ್ಕ ಮಣೆ ಹಾಕಿ, ಕೂದಲು ಹರವಿಕೊಂಡು ಕುಳಿತಳು. ಬಿಸಿ ನಿಜಕ್ಕೂ ಚೆನ್ನಾಗಿತ್ತು.

ಉಕ್ಕು ಸಾಕಷ್ಟು ಕಾದರೆ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದೇ ಎಣ್ಣೆಯಲ್ಲಿ ಅದ್ದುವ ಹೊತ್ತು. ಪರೀಕ್ಷೆಗೆ ಮೇಷ್ಟ್ರು ಫ್ರಿಜ್ಜಿನ ಬಾಗಿಲ ಮೇಲಿದ್ದ ಅಯಸ್ಕಾಂತದ ಬಾತುಕೋಳಿಯನ್ನು ತಂತಿಗೆ ಕಟ್ಟಿ ತಂದಿದ್ದರು. ಬಾತುಕೋಳಿ ಅಂಟಲಿಲ್ಲ. ಆದರೆ ಪ್ಲಾಸ್ಟಿಕ್ಕಿನ ಕೊಕ್ಕು ಕರಗಿ ತೊಟ್ಟಿಕ್ಕಿತು. ಮೇಷ್ಟ್ರು ಇಕ್ಕಳದಲ್ಲಿ ಹಿಡಿದ ಕೆಂಪು ಅಲಗನ್ನು, ಹಿಂದಿನ ದಿನ ಆಲೂಗಡ್ಡೆ ಕರಿದು ಉಳಿದ ಎಣ್ಣೆಗೆ ಚುಂಯ್ ಎಂದು ಇಳಿಸಿದರು. ಹೊಗೆ ಗೋಡೆ ದಾಟಿತು.

"ಏನ್ ಕರೀತಿದೀರಿ ಮೇಷ್ಟ್ರೇ?" ಎಂದು ಕೇಳಿದರು ಪಕ್ಕದ ಮನೆಯವರು.

"ಚಾಕು!"

ಪಕ್ಕದ ಮನೆಯ ಕಿಟಕಿ ಮುಚ್ಚಿಕೊಂಡಿತು.

ಆಮೇಲೆ ಇನ್ನೂರು ಡಿಗ್ರಿಯ ಓವನ್ನಿನಲ್ಲಿ ಒಂದು ಗಂಟೆ. ಬರೀ ಗಟ್ಟಿಯಾದ ಉಕ್ಕು ಗಾಜಿನಂತೆ ಒಡೆಯುತ್ತದೆ; ಹದವಾಗಿ ಬೆಂದರೆ ತುಸು ಬಾಗಲು ಕಲಿಯುತ್ತದೆ. (ಗಂಡಂದಿರೂ ಅಷ್ಟೇ ಎಂದು ಹೆಂಡತಿಯ ಟಿಪ್ಪಣಿ. ಮೇಷ್ಟ್ರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿಲ್ಲ.) ಕುರ್ಚಿಯ ಕಾಲು ಸೀಳಿ ಹಿಡಿ ಮಾಡಿ, ಮೂರು ಹಿತ್ತಾಳೆ ಮೊಳೆ ಹೊಡೆದು, ಅಲಗನ್ನು ಮಸೆದದ್ದಾಯಿತು. ನಾಲ್ಕನೆಯ ಮೊಳೆಯನ್ನು ಜೋಪಾನವಾಗಿ ಮತ್ತೆ ಪೆಟ್ಟಿಗೆಗೆ ಹಾಕಿದರು. ಒಂದು ದಿನ ಬೇಕಾಗುತ್ತದಲ್ಲ!

ಒಂದು ಗಂಟೆಗೆ ಕಾಲು ಗಂಟೆ ಇರುವಾಗ ಚಾಕುವನ್ನು ಟೊಮೆಟೊದ ಮೇಲಿಟ್ಟರು. ಒತ್ತಲೇ ಇಲ್ಲ. ಬೆಣ್ಣೆಯಿಂದ ಕೂದಲು ಎಳೆದಷ್ಟು ಸಲೀಸಾಗಿ ಅದು ಇಳಿದುಹೋಯಿತು. ಎತ್ತಿ ಹಿಡಿದ ತೆಳು ಬಿಲ್ಲೆಯೊಳಗಿಂದ ಹೆಂಡತಿಯ ಒಂದು ಕಣ್ಣು ಕೆಂಪಗೆ ಕಾಣಿಸಿತು.

"ಚೆನ್ನಾಗಿದೆ ರೀ," ಎಂದಳು ಹೆಂಡತಿ. ಹನ್ನೊಂದು ವರ್ಷದಲ್ಲಿ ಪೆಟ್ಟಿಗೆಯ ದೆಸೆಯಿಂದ ಮೇಷ್ಟ್ರಿಗೆ ಸಿಕ್ಕ ಮೊದಲ ಶಹಬ್ಬಾಸ್. ಮೇಷ್ಟ್ರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬದನೆಕಾಯಿ, ಈರುಳ್ಳಿ, ಕೊನೆಗೆ ನಿನ್ನೆಯ ಪೇಪರನ್ನೂ ಕೊಯ್ದರು. ಎಲ್ಲದಕ್ಕೂ ಕರಿದ ಆಲೂಗಡ್ಡೆಯ ಘಮ.

ಸೋಮವಾರ ಶಾಲೆಯಿಂದ ಬಂದು ನೋಡುತ್ತಾರೆ, ಮಂಚದ ಕೆಳಗೆ ಗುಡಿಸಿ ಒರೆಸಿದ ನೆಲ!

"ಪೆಟ್ಟಿಗೆ ಎಲ್ಲೇ?"

ಹೆಂಡತಿ ತುಟಿಯ ಮೇಲೆ ಬೆರಳಿಟ್ಟುಕೊಂಡಳು.

"ಮಾತು ಕೊಟ್ಟಿದ್ದೆ ನೀನು! ಗೆದ್ದೋನು ನಾನು!"

"ಕೊಟ್ಟಿದ್ದೆ. ಒಂದು ಮಾತೂ ಆಡಲ್ಲ ಅಂತ. ಆಡಿದ್ನಾ ಅತ್ತೆ?"

"ಇಲ್ಲ ಕಣೋ," ಎಂದರು ಅಮ್ಮ. "ಗುಜರಿಯವನು ಬಂದ. ಇವಳು ಬೆರಳು ತೋರಿಸಿದಳು, ಅಷ್ಟೇ. ಪಾಪ, ತುಟಿ ಬಿಚ್ಚಲಿಲ್ಲ."

ಪೆಟ್ಟಿಗೆಯ ಚೀಟಿ ಮಾತ್ರ ಫ್ರಿಜ್ಜಿನ ಮೇಲೆ, ಕೊಕ್ಕಿಲ್ಲದ ಬಾತುಕೋಳಿಯ ಕೆಳಗಿತ್ತು. 'ಒಂದು ದಿನ ಬೇಕಾಗುತ್ತದೆ' ಎಂಬುದರಡಿ ಹೆಂಡತಿ ಬರೆದಿದ್ದಳು: 'ಬಂತು. ಭಾನುವಾರ.'

ಮೇಷ್ಟ್ರು ಎರಡು ಸಲ ಓದಿದರು. ತರ್ಕದಲ್ಲಿ ತಪ್ಪು ಸಿಗಲಿಲ್ಲ.

ಗುರುವಾರ ಈರುಳ್ಳಿ ಹೆಚ್ಚುವಾಗ ಚಾಕುವಿನ ಹಿಡಿಯಿಂದ ನಡುವಿನ ಮೊಳೆ ಕಳಚಿ, ಪುಟಿದು, ಸಿಂಕಿನ ತೂತಿನೊಳಗೆ ಮಾಯವಾಯಿತು. ಮೇಷ್ಟ್ರು ಚಪ್ಪಲಿ ಮೆಟ್ಟಿಕೊಂಡು ಗುಜರಿ ಅಂಗಡಿಗೆ ಓಡಿದರು. ಪೆಟ್ಟಿಗೆ ಗುಜರಿಯವನ ಮಂಚದ ಕೆಳಗಿತ್ತು.

"ಬೇರೇನೂ ಬೇಡ ಕಣಪ್ಪ, ಅದರಲ್ಲಿರೋ ಒಂದೇ ಒಂದು ಹಿತ್ತಾಳೆ ಮೊಳೆ."

ಗುಜರಿಯವನು ಪೆಟ್ಟಿಗೆ ಎಳೆದು, ಮೊಳೆ ಹುಡುಕಿ, ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅದನ್ನು ಇದ್ದಲ್ಲೇ ಇಟ್ಟು, ಮುಚ್ಚಳ ಹಾಕಿ, ಕಾಲಿನಿಂದ ಪೆಟ್ಟಿಗೆಯನ್ನು ಒಳಕ್ಕೆ ತಳ್ಳಿದ.

"ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ," ಎಂದ. "ಒಂದು ದಿನ ಬೇಕಾಗುತ್ತೆ."