ಆಟಿ ಅಲ್ಲ, ಆಟಿಸಂ

ನೆರೆಯವರ ಚಿನ್ನ ನೋಡಿ, ಸೀರೆ ನೋಡಿ ಹೊಟ್ಟೆಕಿಚ್ಚು ಪಡುವವರು ಕಾರ್ಕಳದಲ್ಲಿ ಬೇಕಾದಷ್ಟು ಮಂದಿ ಇದ್ದರು. ಇನ್ನೊಬ್ಬಳ ತಲೆನೋವು ನೋಡಿ ಹೊಟ್ಟೆ ಉರಿಸಿಕೊಂಡವಳು ವಾರಿಜಾ ಒಬ್ಬಳೇ.

ತಲೆನೋವು ಸುಭಾಷಿಣಿಯದು. ಗೇರುಬೀಜದ ಕಾರ್ಖಾನೆಯ ಆಫೀಸಿನಲ್ಲಿ ಇಬ್ಬರೂ ಟೈಪಿಸ್ಟರು. ಸುಭಾಷಿಣಿ ಹಣೆಗೆ ಕೈ ಇಟ್ಟರೆ ಸಾಕು, ಮ್ಯಾನೇಜರ್ ರಾಮದಾಸರು ತಾವೇ ಎದ್ದು ಹೋಗಿ ಟ್ಯೂಬ್‌ಲೈಟ್ ಆರಿಸುತ್ತಿದ್ದರು, ಕ್ರಿಕೆಟ್ಟಿನ ರೇಡಿಯೋ ನಿಲ್ಲುತ್ತಿತ್ತು, ಗುಮಾಸ್ತೆ ಪ್ರಭಾವತಿಯಕ್ಕ ಮುಲಾಮು ಹಿಡಿದು ಓಡಿ ಬರುತ್ತಿದ್ದರು. ವಾರಿಜಾಳಿಗೋ ಆ ಟ್ಯೂಬ್‌ಲೈಟಿನ ಗುಂಯ್ ಸದ್ದು ದಿನವಿಡೀ ಕಿವಿಯೊಳಗೆ ಜೀರುಂಡೆ ಹೊಕ್ಕ ಹಾಗೆ. ಒಮ್ಮೆ ಅದನ್ನು ಆರಿಸಿ ಎಂದು ಕೇಳಿದ್ದಕ್ಕೆ, ಬೆಳ್ಮಣ್ಣಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅವಳಿಗೆ ‘ಬೆಳ್ಮಣ್ಣಿನ ಮಹಾರಾಣಿ’ ಎಂದು ಹೆಸರು ಬಿದ್ದಿತ್ತು.

ಎಂಬತ್ತೆಂಟರ ಆ ಚಳಿಗಾಲದಲ್ಲಿ, ವಿಲಾಯತಿಯಲ್ಲಿ ಓದಿ ಮಣಿಪಾಲಕ್ಕೆ ಬಂದಿದ್ದ ಡಾಕ್ಟರೊಬ್ಬರು ಅವಳನ್ನು ಎರಡು ಮೂರು ಸಲ ಕರೆಸಿ ಮಾತಾಡಿಸಿ, ಇದು ಗತ್ತೂ ಅಲ್ಲ, ಹುಚ್ಚೂ ಅಲ್ಲ, ಆಟಿಸಂ, ಹುಟ್ಟಿನಿಂದ ಬಂದ ರೀತಿ ಎಂದಿದ್ದರು. ಮೂವತ್ತು ವರ್ಷ ತನ್ನನ್ನೇ ಬೈದುಕೊಂಡಿದ್ದವಳು ಅಂದು ಬಸ್ಸಿನಲ್ಲಿ ಸಂತೋಷಕ್ಕೆ ಅತ್ತಳು. ಆಫೀಸಿನಲ್ಲಿ ಹೇಳುವುದೋ ಬಿಡುವುದೋ ಎಂಬುದಕ್ಕೆ ಮಾತ್ರ ಡಾಕ್ಟರು, ಅದು ನಿಮ್ಮ ಇಷ್ಟ ಎಂದು ಕೈ ತೊಳೆದುಕೊಂಡಿದ್ದರು.

ಹೇಳುವ ಪ್ರಸಂಗ ಬಂದದ್ದು ಹಿಂದಿನ ಕೋಣೆಯಿಂದ. ಬೀಜದ ಗೋಣಿ ಇಡುತ್ತಿದ್ದ ಆ ಕೋಣೆ ಖಾಲಿಯಾಗಿ, ಸುಣ್ಣ ಬಳಿದು, ಮೇಜು ಹಾಕಿಯಾಗಿತ್ತು. ಒಂದು ಕಿಟಕಿ, ಅದರಾಚೆ ಹಲಸಿನ ಮರ, ಬಾಗಿಲು ಹಾಕಿದರೆ ಮೌನ. ಟೈಪಿಸ್ಟರಲ್ಲಿ ಒಬ್ಬರಿಗೆ ಕೊಡುತ್ತೇನೆ, ಯಾರಿಗೆಂದು ಸಂಜೆ ಹೇಳುತ್ತೇನೆ ಎಂದರು ರಾಮದಾಸರು. ಮರುಕ್ಷಣವೇ ಸುಭಾಷಿಣಿಯ ಕೈ ಹಣೆಗೆ ಹೋಯಿತು.

ವಾರಿಜಾಳ ಹೊಟ್ಟೆಯಲ್ಲಿ ಬೈಹುಲ್ಲಿಗೆ ಬೆಂಕಿ ಬಿದ್ದಂತಾಯಿತು. ಅವಳ ಕಷ್ಟಕ್ಕೆ ಹೆಸರುಂಟು. ನನ್ನದಕ್ಕೂ ಈಗ ಉಂಟಲ್ಲ, ಅದೂ ಇಂಗ್ಲಿಷಿನ ಹೆಸರು. ಹೇಳಿಯೇ ಬಿಡುವುದು ಎಂದುಕೊಂಡಳು. ಮೊದಲು ನಂಬಿಕಸ್ಥರೊಬ್ಬರಿಗೆ ಹೇಳಿ ನೋಡುವ ಎಂದು ಕ್ಯಾಷಿಯರ್ ಸೆಲೀನಳನ್ನು ಬಾವಿಕಟ್ಟೆಯ ಬಳಿ ಕರೆದು ಮೆಲ್ಲಗೆ ಹೇಳಿದಳು.

ಸೆಲೀನ್ ಗುಟ್ಟು ಬಿಡುವವಳಲ್ಲ. ಆದರೆ ತೀರಾ ಒಳ್ಳೆಯವಳು. ಆಟಿಸಂಗೆ ಮದ್ದು ಎಂತದಾದರೂ ಉಂಟಾ ಎಂದು, ಯಾರಿಗೆಂದು ಹೇಳದೆ, ಪ್ರಭಾವತಿಯಕ್ಕನನ್ನು ಕೇಳಿದಳು. ಕೇಳುವಾಗ ವಾರಿಜಾಳನ್ನೇ ನೋಡುತ್ತಿದ್ದಳು.

ಪ್ರಭಾವತಿಯಕ್ಕ ವಾರಿಜಾಳ ಮೇಜಿನೆದುರು ಹಾಜರಾದರು.

"ಆಟಿಯದ್ದಂತೆ? ಮಳೆಗಾಲದ ಆಟಿ ತಿಂಗಳು ಕಳೆದು ಯಾವ ಕಾಲವಾಯ್ತು ಮಾರಾಯ್ತಿ. ಆಟಿ ಅಮಾವಾಸ್ಯೆಗೆ, ರೋಗ ಬಾರದ ಹಾಗೆ, ಪಾಲೆ ಮರದ ಕೆತ್ತೆಯ ಕಷಾಯ ಕುಡಿಯಲಿಲ್ವಾ ನೀನು?"

"ಕುಡಿದಿದ್ದೆ," ಎಂದಳು ವಾರಿಜಾ. ಅವಳಿಗೆ ಸುಳ್ಳು ಬರುತ್ತಿರಲಿಲ್ಲ.

"ಹಾಗಾದರೆ ಕೆತ್ತೆ ಬೇರೆ ಮರದ್ದು."

ಊಟದ ಹೊತ್ತಿಗೆ ಸುದ್ದಿಗೆ ಕಾಲು ಮೂಡಿತ್ತು. ಒಬ್ಬರು ಅಂಟುರೋಗವೆಂದು ಹೂಜಿಯ ಪಕ್ಕದ ಲೋಟ ಎತ್ತಿಟ್ಟರು. ಇನ್ನೊಬ್ಬರು, ಹೊತ್ತಿಗೆ ಸರಿಯಾಗಿ ಮದುವೆಯಾಗಿದ್ದರೆ ಇದೆಲ್ಲ ಬರುತ್ತಿರಲಿಲ್ಲ ಎಂದರು. ಪ್ರಭಾವತಿಯಕ್ಕ ಎಲ್ಲಿಂದಲೋ ಕಷಾಯ ಮಾಡಿಸಿ ತಂದು ಅವಳ ಮೂಗಿನ ಕೆಳಗೆ ಹಿಡಿದರು. ಅತ್ತ ಸುಭಾಷಿಣಿ, ತನ್ನ ಮೇಲಿದ್ದ ಕಣ್ಣುಗಳೆಲ್ಲ ವಾರಿಜಾಳ ಕಡೆ ಹೊರಳಿದ್ದು ಕಂಡು ಸ್ವಲ್ಪ ಜೋರಾಗಿಯೇ ನರಳಿದಳು.

ವಾರಿಜಾಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು. ಸೇರಿದಂದಿನಿಂದ ಒಟ್ಟಿಗೆ ನಾಲ್ಕು ಮಾತು ಆಡದವಳು, ದಿನಾ ಬಸ್ಸಿನಲ್ಲಿ ಕೂತು ಬಾಯಿಪಾಠ ಮಾಡಿದ್ದನ್ನೆಲ್ಲ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಒಂದೇ ಉಸಿರಿಗೆ ಹೇಳಿದಳು. ಬೆಳಕು ಚುಚ್ಚುತ್ತದೆ, ಸದ್ದು ಮೈ ಸುಲಿಯುತ್ತದೆ, ಹತ್ತು ಜನ ಒಟ್ಟಿಗೆ ಮಾತಾಡಿದರೆ ಒಬ್ಬರದೂ ಕೇಳುವುದಿಲ್ಲ, ಮುಖ ನೋಡದಿರುವುದು ಅಹಂಕಾರದಿಂದಲ್ಲ.

"ನನಗೆ ನೀವು ಬೇಡ ಅಂತಲ್ಲ. ಎಲ್ಲ ಒಟ್ಟಿಗೆ ತಡೆಯುವುದಿಲ್ಲ, ಅಷ್ಟೆ. ಬಾಗಿಲು ಹಾಕುವ ಒಂದು ಕೋಣೆ ಇದ್ದರೆ ನಾನೂ ನಿಮ್ಮ ಹಾಗೆ ನಗುತ್ತಾ ಇರುತ್ತಿದ್ದೆ."

ಸೆಲೀನ್ ಕಣ್ಣೊರೆಸಿಕೊಂಡಳು. ರಾಮದಾಸರು ಕನ್ನಡಕ ತೆಗೆದರು. ಗೆದ್ದೆ ಎಂದುಕೊಂಡಳು ವಾರಿಜಾ.

ಆಗ ಸುಭಾಷಿಣಿ ನಿಧಾನವಾಗಿ ತಲೆ ಎತ್ತಿದಳು.

"ಬೆಳಕು ಚುಚ್ಚುವುದು, ಸದ್ದು ತಡೆಯದಿರುವುದು... ಇದು ನನ್ನದೇ ಅಲ್ವಾ? ಇಷ್ಟು ವರ್ಷ ಬರೀ ತಲೆನೋವು ಅಂತ ಸಹಿಸಿಕೊಂಡೆನಲ್ಲ."

ಪಾಪ, ಹೌದಲ್ವಾ ಎಂದು ಇಡೀ ಆಫೀಸು ಅತ್ತ ತಿರುಗಿತು. ಕಷಾಯವೂ ಅತ್ತಲೇ ಹೋಯಿತು. ಅವಳದ್ದು ಬೇರೆ ಇರಬಹುದು, ಡಾಕ್ಟರು ನೋಡಿ ಹೇಳಬೇಕು ಎಂದು ವಾರಿಜಾ ಹೇಳಿದ್ದು ಆ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ಸಂಜೆಯವರೆಗೆ ಕಾಯುವುದೂ ಬೇಡವೆಂದು ರಾಮದಾಸರೇ ಹೇಳಿದ್ದರಿಂದ ಗುಮಾಸ್ತರಿಬ್ಬರು ಸೇರಿ ಸುಭಾಷಿಣಿಯ ಟೈಪ್‌ರೈಟರನ್ನು ಹಿಂದಿನ ಕೋಣೆಗೆ ಹೊತ್ತರು. ಬಾಗಿಲು ಹಾಕಿಕೊಂಡಿತು. ಹಾಕಿಕೊಂಡ ಸದ್ದು ಕೂಡ ಬರಲಿಲ್ಲ, ಅಷ್ಟು ಒಳ್ಳೆಯ ಬಾಗಿಲು. ವಾರಿಜಾ ಅದನ್ನೇ ನೋಡುತ್ತಾ ನಿಂತಳು, ಕೈಗೆ ಬಂದ ಮೀನನ್ನು ಹದ್ದು ಎತ್ತಿಕೊಂಡು ಹೋದವರ ಹಾಗೆ.

ಕಡೆಗೆ ರಾಮದಾಸರ ಮುಂದೆ ಹೋದಳು. ಅವರು ಅವಳನ್ನು ಹೊಸದಾಗಿ ಕಂಡವರಂತೆ ಮೆಚ್ಚಿ ನೋಡಿದರು.

"ಎಂತ ಮಾತುಗಾರಿಕೆ ಮಾರಾಯ್ರೇ ನಿಮ್ಮದು! ಇಷ್ಟು ದಿನ ಎಲ್ಲಿಟ್ಟಿದ್ರಿ? ಬರುವ ತಿಂಗಳು ಉಡುಪಿಯಲ್ಲಿ ನಮ್ಮ ವಾರ್ಷಿಕೋತ್ಸವ, ಐನೂರು ಜನ. ಸ್ವಾಗತ ಭಾಷಣ ನಿಮ್ಮದೇ. ದೊಡ್ಡ ಧಣಿಗಳಿಗೆ ಫೋನ್ ಮಾಡಿ ಹೇಳಿಯೂ ಆಯ್ತು."

"ನಾಲ್ಕು ಜನರ ಮುಂದೆ ನಿಂತು ಮಾತಾಡಲಿಕ್ಕೆ ನನ್ನಿಂದ ಆಗುವುದಿಲ್ಲ ಸಾರ್," ಎಂದಳು ವಾರಿಜಾ.

ಅವಳು ಜನ್ಮದಲ್ಲಿ ಆಡಿದ ಮಾತುಗಳಲ್ಲೆಲ್ಲ ಅದರಷ್ಟು ನಿಜವಾದದ್ದು ಇನ್ನೊಂದಿರಲಿಲ್ಲ. ರಾಮದಾಸರು ಹೊಟ್ಟೆ ಹಿಡಿದುಕೊಂಡು ನಕ್ಕು, ಭಾಷಣವನ್ನು ಈ ತಮಾಷೆಯಿಂದಲೇ ಶುರುಮಾಡಿ ಎಂದರು.