ಸ್ಟೋರ್‌ಮಾಮನ ಹತ್ತಿರ ಯಾರೂ ಬಂದಿಲ್ಲ

ಸುತ್ತೋಲೆಯ ಕೊನೆಯ ಸಾಲನ್ನು ಸ್ಟೋರ್‌ಮಾಮ ಓದಿದ್ದು ಅದಕ್ಕೆ ಸಹಿ ಹಾಕಿದ ಮೇಲೆ. ಸುತ್ತೋಲೆಯನ್ನು ಮೊದಲು ಓದಿ ಆಮೇಲೆ ಸಹಿ ಹಾಕುವ ಪುಣ್ಯಾತ್ಮರು ಯಾವ ಕಾಲೇಜಿನಲ್ಲಿದ್ದಾರೆ ಹೇಳಿ! 'ಲೈಂಗಿಕ ಕಿರುಕುಳ ಹಾಗೂ ವಿದ್ಯಾರ್ಥಿಗಳ ದೂರುಗಳನ್ನು ನಿಭಾಯಿಸುವ ಬಗ್ಗೆ ಸಿಬ್ಬಂದಿಗೆ ಒಂದು ದಿನದ ತರಬೇತಿ' ಎಂದು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣದಾಗಿ: 'ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು ಸೋಮವಾರದಿಂದ ಐದು ದಿನ, ರಜೆಯಲ್ಲೇ, ಮತ್ತೆ ಹಾಜರಾಗತಕ್ಕದ್ದು.'

ಸೋಮವಾರ! ಮಾಮ ಆ ಸಾಲನ್ನು ಮತ್ತೊಮ್ಮೆ ಓದಿದ. ಸೋಮವಾರ ಬೆಳಿಗ್ಗೆ ಅವನೂ ಹೆಂಡತಿಯೂ ಮಗಳೂ ಸಮುದ್ರ ನೋಡಲು ಹೊರಡುವವರಿದ್ದರು. ಮದುವೆಯಾಗಿ ಹದಿನಾಲ್ಕು ವರ್ಷ, ಹೆಂಡತಿ ಕೇಳಿದ್ದು ಅದೊಂದೇ. "ಒಂದ್ಸಲ ಸಮುದ್ರ ತೋರಿಸ್ರೀ, ಆಮೇಲೆ ಏನೂ ಕೇಳಲ್ಲ" ಅನ್ನುತ್ತಿದ್ದಳು. ಪ್ರತಿ ವರ್ಷವೂ ಏನಾದರೊಂದು ಅಡ್ಡ ಬರುತ್ತಿತ್ತು. ಈ ಸಲ ಟಿಕೆಟ್ಟೂ ಆಗಿತ್ತು, ಚೀಲವೂ ತುಂಬಿತ್ತು. ಮಗಳಂತೂ ಗಾಳಿ ತುಂಬಿದ ಈಜುಬಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ವಾರದಿಂದ ಮನೆಯಲ್ಲಿ ಓಡಾಡುತ್ತಿದ್ದಳು, ಊಟಕ್ಕೂ ಅದರಲ್ಲೇ ಕೂರುತ್ತಿದ್ದಳು.

ಮಾಮ ರಸಾಯನಶಾಸ್ತ್ರ ವಿಭಾಗದ ಸ್ಟೋರ್ ನೋಡಿಕೊಳ್ಳುವವನು. ಬೀಕರು, ಬ್ಯುರೆಟ್ಟು, ಪ್ರನಾಳ ಎಲ್ಲ ಅವನ ಸುಪರ್ದಿ. ಹುಡುಗರು ಎದುರಿಗೆ ಸರ್ ಅನ್ನುತ್ತಿದ್ದರು, ಹಿಂದಿನಿಂದ ಸ್ಟೋರ್‌ಮಾಮ. ಗಾಜಿನ ಜೊತೆ ಅವನಿಗೆ ಸಲೀಸು, ಮನುಷ್ಯರ ಜೊತೆ ಅಷ್ಟಕ್ಕಷ್ಟೇ.

ತರಬೇತಿ ಕೊಡಲು ಬಂದಿದ್ದ ಮೇಡಮ್ಮು ಬಲು ಚುರುಕು. ಸಭಾಂಗಣದಲ್ಲಿ ನಲವತ್ತು ಜನ ಆಕಳಿಸುತ್ತಿದ್ದರೂ ಆಕೆಯ ದನಿ ಒಂದು ಚೂರೂ ಇಳಿಯಲಿಲ್ಲ.

"ದೂರು ಹೇಳೋಕೆ ಬಂದೋರ ಮೊದಲ ಐದು ನಿಮಿಷ ನೀವು ಕೆಡಿಸಿದ್ರೆ, ಅವರು ಜನ್ಮದಲ್ಲಿ ಇನ್ನೊಂದ್ಸಲ ಬಾಯಿ ಬಿಡಲ್ಲ. ಕೂರಿಸಿ, ನೀರು ಕೊಡಿ. ನೀನ್ಯಾಕೆ ಅಲ್ಲಿಗೆ ಹೋದೆ, ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ತನಿಖೆ ಶುರುಮಾಡಬೇಡಿ. ಅವರ ಮಾತನ್ನ ಅವರ ಮಾತಲ್ಲೇ ಬರೀರಿ. ನಾಳೆ ಬಾ ಅಂತೂ ಅನ್ನಲೇಬೇಡಿ."

"ಬರೆದ ಮೇಲೆ?" ಎಂದರು ಪಿ.ಟಿ. ಮೇಷ್ಟ್ರು. ಕಾಲೇಜಿನಲ್ಲಿ ಯಾವ ಸುದ್ದಿಯೂ ಅವರ ಕಿವಿ ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ.

"ಲಕೋಟೆಗೆ ಹಾಕಿ ಅಂಟಿಸಿ, ದೂರು ಸಮಿತಿ ಅಧ್ಯಕ್ಷೆ ನಿಮ್ಮ ಸಸ್ಯಶಾಸ್ತ್ರದ ಮೇಡಮ್ಮಿದಾರಲ್ಲ, ಅವರ ಕೈಗೆ ಕೊಡಬೇಕು. ಮೂರನೆಯವರಿಗೆ ಸುಳಿವೂ ಸಿಗಕೂಡದು. ಮನೇಲಿ ಹೆಂಡತಿ, ಗಂಡ, ಯಾರಿಗೂ. ನನಗೂ ಸೇರಿ. ಆದ್ರೆ ಇವತ್ತಿಂದು ಪರೀಕ್ಷೆ. ಹನ್ನೊಂದರಿಂದ ಮೂರು ಗಂಟೆಯೊಳಗೆ ನಮ್ಮ ನಾಟಕ ತಂಡದವರು ಒಬ್ಬೊಬ್ಬರಾಗಿ ನಿಮ್ಮ ನಿಮ್ಮ ಜಾಗಕ್ಕೇ ಬಂದು ದೂರು ಹೇಳ್ತಾರೆ. ನಾಟಕದವರು ಅಂತ ಹೇಳ್ಕೊಳ್ಳಲ್ಲ. ಆ ಲಕೋಟೆ ಮಾತ್ರ ನನಗೆ ಕೊಡಿ, ಅಂಕ ಹಾಕ್ತೀನಿ."

ಮಾಮ ಸಿಕ್ಕಿದ ಒಂದು ಸೋಸುಕಾಗದದ ಮೇಲೆ ಇದನ್ನೆಲ್ಲ ಗುಂಡಗೆ ಬರೆದುಕೊಂಡ. ಸ್ಟೋರಿಗೆ ಹೋಗಿ ಒಂದು ಕುರ್ಚಿ ಒರೆಸಿಟ್ಟ, ಹೂಜಿ ತುಂಬಿಸಿದ, ಬಾಗಿಲನ್ನೇ ದಿಟ್ಟಿಸುತ್ತ ಕೂತ.

ಹನ್ನೊಂದೂ ಐದಕ್ಕೆ ಎರಡನೇ ವರ್ಷದ ಹುಡುಗನೊಬ್ಬ ಬಂದು ನಿಂತ. ಮುಖ ಬಾಡಿತ್ತು, ಕಣ್ಣು ಕೆಂಪಗಿತ್ತು. ಬಂತು ನೋಡಪ್ಪ ಪರೀಕ್ಷೆ, ಅಂದುಕೊಂಡ ಮಾಮ.

"ಸರ್, ಒಂದು ವಿಷಯ ಹೇಳಬೇಕಿತ್ತು..."

"ಕೂತ್ಕೋಪ್ಪ. ನೀರು ಕುಡಿ. ಅವಸರ ಇಲ್ಲ."

ಹುಡುಗ ಹಿಂದೆ ತಿರುಗಿ ನೋಡಿದ. ಮೂರು ವರ್ಷದ ಹಿಂದೆ ಅವನ ಅಣ್ಣನೂ ಇದೇ ಕಾಲೇಜಿನಲ್ಲಿ ಓದಿದ್ದ. ಸ್ಟೋರಿನಲ್ಲಿ ಕುರ್ಚಿ ಇದೆ ಅಂತಲೇ ಅವನು ಹೇಳಿರಲಿಲ್ಲ.

"ಸರ್, ಬ್ಯುರೆಟ್ ಒಡೆದೋಯ್ತು."

"ನಿನ್ನ ತಪ್ಪಲ್ಲ."

"ಇಲ್ಲ ಸರ್, ನಾನೇ ಕೈ ಜಾರಿ ಬೀಳಿಸಿದ್ದು."

"ಹಾಗನ್ನಬೇಡ ಮರೀ. ನಿನ್ನ ಮಾತನ್ನ ನಾನು ನಂಬ್ತೀನಿ. ಎಲ್ಲಾ ನಿನ್ನ ಮಾತಲ್ಲೇ ಹೇಳು, ಬರ್ಕೋತೀನಿ."

ಹುಡುಗ ಹೇಳಿದ, ಮಾಮ ಎರಡು ಪುಟ ಬರೆದ. ಬ್ಯುರೆಟ್ಟಿನ ಹಿಂದೆ ಬೇರೇನೋ ದುಃಖ ಹೊರಬರುತ್ತದೆ ಅಂತ ಕಾದೇ ಕಾದ. ಏನೂ ಬರಲಿಲ್ಲ. ಹುಡುಗ ನೀರು ಕುಡಿದು, ಕೈಮುಗಿದು, ಆಚೆ ಹೋದವನೇ ಪ್ರಯೋಗಾಲಯದಲ್ಲಿ ಕೂಗಿದ: "ಲೇ! ಗಾಜು ಒಡೆದ್ರೆ ಇವತ್ತು ತಪ್ಪಲ್ವಂತೆ ಕಣ್ರೋ!"

ಮುಗೀತಲ್ಲ ಕತೆ! ಅರ್ಧ ಗಂಟೆಯಲ್ಲಿ ಸ್ಟೋರಿನ ಮುಂದೆ ಹನ್ನೊಂದು ಜನರ ಸಾಲು. ಮೂರು ತಿಂಗಳಿಂದ ಚೀಲದಲ್ಲಿ ಬಚ್ಚಿಟ್ಟುಕೊಂಡಿದ್ದ ಗಾಜಿನ ಚೂರೆಲ್ಲ ಆಚೆ ಬಂದವು. ಒಬ್ಬಳಂತೂ ಹಿಂದಿನ ವರ್ಷದ ಥರ್ಮಾಮೀಟರ್ ತಂದಿದ್ದಳು. ಯಾರನ್ನೂ ವಾಪಸ್ ಕಳಿಸುವ ಹಾಗಿಲ್ಲ, ಇವರಲ್ಲಿ ನಾಟಕದವರು ಯಾರೋ ಯಾರಿಗೆ ಗೊತ್ತು! ಮಾಮ ಒಬ್ಬೊಬ್ಬರನ್ನೂ ಕೂರಿಸಿದ, ನೀರು ಕೊಟ್ಟ, ನಂಬಿದ. ಹೂಜಿ ಎರಡು ಸಲ ಖಾಲಿಯಾಯಿತು.

ಗಲಾಟೆ ಕೇಳಿ ವಿಭಾಗದ ಮುಖ್ಯಸ್ಥರು ಉರಿದು ಬಂದರು.

"ಏನ್ರೀ ಇದು? ಒಡೆದದ್ದು ನಿಮ್ಮ ತಪ್ಪಲ್ಲ ಅಂತ ಹುಡುಗರಿಗೆ ಹೇಳ್ತಿದೀರಂತೆ? ತಲೆ ನೆಟ್ಟಗಿದೆಯೇನ್ರೀ?"

ಹನ್ನೆರಡು ವರ್ಷದಿಂದ ನೋಡಿದ ಮುಖ. ಆದರೂ ತರಬೇತಿ ಮೇಡಮ್ಮನ್ನು ನಂಬುವುದು ಹೇಗೆ? ಇವರಿಗೇ ಪಾತ್ರ ಕೊಟ್ಟಿದ್ದರೆ?

"ಸರ್, ನಿಮಗೆ ತುಂಬ ನೋವಾಗಿದೆ ಅಂತ ಕಾಣತ್ತೆ. ಕೂತ್ಕೊಳ್ಳಿ. ನೀರು ಕುಡೀರಿ."

ಮುಖ್ಯಸ್ಥರು ಎರಡು ಹೆಜ್ಜೆ ಹಿಂದೆ ಸರಿದರು. "ನೀವು ಮನೆಗೋಗಿ ಸ್ವಲ್ಪ ಮಲಗ್ರೀ" ಎಂದು ಮೆಲ್ಲಗೆ ಹೇಳಿ, ಹುಡುಗರನ್ನೆಲ್ಲ ಅಟ್ಟಿಕೊಂಡು ಹೊರಟುಹೋದರು. ಪಿ.ಟಿ. ಮೇಷ್ಟ್ರು ಕಿಟಕಿಯಿಂದ ಇಣುಕಿ, "ಏನಪ್ಪಾ ಸ್ಟೋರು, ನಂದು ಐದು ನಿಮಿಷದಲ್ಲಿ ಮುಗೀತು. ನಿಂದಿನ್ನೂ ಬಂದಿಲ್ವಾ?" ಎಂದು ಹಲ್ಲುಕಿರಿದರು. ಮಾಮ ಹೂಜಿಯನ್ನು ಮತ್ತೆ ತುಂಬಿಸಿಟ್ಟ.

ಎರಡು ಗಂಟೆಯಾಗಿತ್ತು. ಕೊನೆಯ ವರ್ಷದ ಹುಡುಗಿಯೊಬ್ಬಳು ಬಂದಳು. ಪ್ರಾಜೆಕ್ಟಿನ ಲಾಕರ್ ಕೀಲಿ ಕೊಡಲು ಬಂದದ್ದಂತೆ. ಮೇಜಿನ ಮೇಲಿಟ್ಟಳು, ಮತ್ತೆ ಎತ್ತಿಕೊಂಡಳು, ಹೋಗಲಿಲ್ಲ.

"ಏನಮ್ಮಾ?"

"ಏನಿಲ್ಲ ಸರ್. ನಾನು ಪ್ರಾಜೆಕ್ಟ್ ಬಿಡ್ತಿದೀನಿ. ಕಾಲೇಜೂ ಬಿಡಬಹುದು. ಅದಕ್ಕೇ ಕೀಲಿ."

ಆಹಾ, ಇವಳೇ! ಅಂದುಕೊಂಡ ಮಾಮ. ಕಣ್ಣೀರಿಲ್ಲ, ಗೋಳಿಲ್ಲ, ಎಷ್ಟು ಸಹಜ! ಕೂರಿಸಿದ, ನೀರು ಕೊಟ್ಟ, ಸುಮ್ಮನಾದ. ಸುಮ್ಮನಿರುವುದೇ ಕಷ್ಟ ಮಾರಾಯರೇ. ಯಾಕೆ ಅನ್ನುವ ಮಾತು ನಾಲಿಗೆ ತುದಿಯಲ್ಲಿ ಬಂದು ಕೂತಿತ್ತು. ಮಾಮ ಅದನ್ನು ನುಂಗಿಕೊಂಡ.

ಐದು ನಿಮಿಷದ ಮೇಲೆ ಹುಡುಗಿ ಹೇಳತೊಡಗಿದಳು. ಪ್ರಾಜೆಕ್ಟ್ ಗೈಡ್ ದಿನಾ ಎಲ್ಲರನ್ನೂ ಕಳಿಸಿ ಇವಳೊಬ್ಬಳನ್ನೇ ಉಳಿಸಿಕೊಳ್ಳುವುದು. ತೋರಿಸಿಕೊಡುವ ನೆಪದಲ್ಲಿ ಮೈಮುಟ್ಟುವುದು. ಬೇಡ ಅಂದರೆ, ಅಂಕ ನನ್ನ ಕೈಯಲ್ಲಿದೆ ಅನ್ನುವುದು. ಫೋನಿಗೆ ಕಳಿಸಿದ ಸಂದೇಶಗಳು. ಯಾವ ದಿನ, ಯಾವ ಕೋಣೆ, ಎಲ್ಲ ಹೇಳಿದಳು. ಕೀಲಿ ಮಾತ್ರ ಬೆರಳಲ್ಲಿ ಸುತ್ತುತ್ತಲೇ ಇತ್ತು.

"ಇಬ್ಬರಿಗೆ ಹೇಳಿದೆ ಸರ್. ಒಬ್ಬರು, ನೀನೇ ತಪ್ಪು ತಿಳ್ಕೊಂಡಿರಬೇಕು ಅಂದ್ರು. ಇನ್ನೊಬ್ಬರು, ನಾಳೆ ಬಾ ಅಂದ್ರು. ನಾಳೆ ಹೋದೆ, ಮತ್ತೆ ನಾಳೆ ಅಂದ್ರು."

ಮಾಮ ಬರೆಯುತ್ತಲೇ ಇದ್ದ. ನಾಟಕ ಅಂತ ಗೊತ್ತಿದ್ದೂ ಸಿಟ್ಟು ಬಂತು. ತನ್ನ ಮಗಳು ಒಂದು ದಿನ ಯಾವುದೋ ಕಾಲೇಜಿನಲ್ಲಿ ಹೀಗೆ ಕೀಲಿ ತಿರುಗಿಸುತ್ತ ಕೂತರೆ ಅನ್ನಿಸಿ ಪೆನ್ನನ್ನು ಇನ್ನಷ್ಟು ಒತ್ತಿ ಬರೆದ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಮಾಮ ಎದ್ದು ಬಾಗಿಲನ್ನು ಒಂದು ಗೇಣು ತೆರೆದ. ಹೊರಗೊಬ್ಬ ಹೆಂಗಸು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು.

"ಸರ್, ನಿಮ್ಮ ಹತ್ರ ಒಂದು..."

"ಏನೇ ಒಡೆದಿರಲಿ, ನಾಳೆ ಬನ್ನಿ!" ಎಂದು ಮಾಮ ಬಾಗಿಲು ಹಾಕಿದ. ಪರೀಕ್ಷೆ ನಡೆಯುತ್ತಿರುವಾಗ ಇವರದೊಂದು.

ಹೇಳಿಕೆ ಮುಗಿಯಿತು. ಮಾಮ ಓದಿ ಹೇಳಿದ, ಅವಳು ಎರಡು ಕಡೆ ತಿದ್ದಿಸಿ ಸಹಿ ಹಾಕಿದಳು. ಮಾಮ ಲಕೋಟೆ ಅಂಟಿಸಿದ.

"ಇದು ನಿಜವಾಗ್ಲೂ ಮುಂದೆ ಹೋಗತ್ತಾ ಸರ್?"

"ಇವತ್ತೇ ಹೋಗತ್ತಮ್ಮ. ತುಂಬ ಚೆನ್ನಾಗಿ ಹೇಳಿದೆ ಕಣಮ್ಮಾ. ನೀನು ಬಹಳ ದೊಡ್ಡವಳಾಗ್ತೀಯ."

ಮಾಮ ಅಂದದ್ದು ಅಭಿನಯಕ್ಕೆ. ಹುಡುಗಿ ಮಾತ್ರ ಅಂದು ಮೊದಲ ಸಲ ಸರಿಯಾಗಿ ಉಸಿರು ಬಿಟ್ಟಳು. ಕೀಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಹೋದಳು.

ಮೂರು ಗಂಟೆಗೆ ಸಭಾಂಗಣ. ಮಾಮ ಜೇಬಿನ ಲಕೋಟೆಯನ್ನು ಸವರುತ್ತ, ಕಣ್ಣೆದುರಿಗೆ ಅಲೆಗಳನ್ನು ಕಾಣುತ್ತ ಕೂತಿದ್ದ. ತರಬೇತಿ ಮೇಡಮ್ ಪಟ್ಟಿ ಓದತೊಡಗಿದರು. ಪಿ.ಟಿ. ಮೇಷ್ಟ್ರಿಗೆ ಆರೂವರೆ, ಪಾಸು. ಲೈಬ್ರರಿಯವರಿಗೆ ಎಂಟು.

"ರಸಾಯನಶಾಸ್ತ್ರದ ಸ್ಟೋರು." ಆಕೆ ತಲೆಯೆತ್ತಿದರು. "ಸೊನ್ನೆ. ದೂರುದಾರಳನ್ನ ಒಳಗೂ ಬಿಟ್ಟಿಲ್ಲ. ನಾಳೆ ಬನ್ನಿ ಅಂತ ಮುಖದ ಮೇಲೆ ಬಾಗಿಲು ಹಾಕಿದಾರೆ. ಬೆಳಿಗ್ಗೆ ನಾನು ಬೇಡ ಅಂದಿದ್ದೇ ಅದು!"

ಆಕೆಯ ಪಕ್ಕದಲ್ಲಿ ಕೂತಿದ್ದ ನಾಟಕ ತಂಡದ ಹೆಂಗಸೊಬ್ಬಳು ತಲೆದೂಗಿದಳು. ಬಾಗಿಲ ಸಂದಿಯಲ್ಲಿ ಕಂಡಿದ್ದ ಅದೇ ಮುಖ.

ಮಾಮ ಚಂಗನೆ ಎದ್ದ. "ಇಲ್ಲ ಮೇಡಮ್! ನನ್ನ ಹತ್ರ ಆಗ್ಲೇ ಬಂದಿದ್ರು. ಪೂರ್ತಿ ಬರ್ಕೊಂಡಿದೀನಿ, ಇಲ್ಲೇ ನನ್ನ..."

ಕೈ ಜೇಬಿಗೆ ಹೋಗಿತ್ತು. ಅಲ್ಲೇ ನಿಂತಿತು.

ನಾಟಕದವಳು ಇವಳು. ಹಾಗಾದರೆ ಅವಳು?

ನಲವತ್ತು ಮುಖ ಅವನತ್ತ ತಿರುಗಿದ್ದವು. ಮುಂದಿನ ಎರಡನೇ ಸಾಲಿನಲ್ಲಿ ಆ ಪ್ರಾಜೆಕ್ಟ್ ಗೈಡೂ ಕುರ್ಚಿಯ ಬೆನ್ನಿಗೆ ತೋಳು ಹಾಕಿ, ತಿರುಗಿ, ನಗುತ್ತ ನೋಡುತ್ತಿದ್ದ.

"ಯಾರಪ್ಪಾ ಬಂದಿದ್ದು?" ಪಿ.ಟಿ. ಮೇಷ್ಟ್ರ ಕಿವಿ ನಿಮಿರಿತು. "ಲಕೋಟೆ ತೋರಿಸು, ನೋಡಣ."

ಮಾಮ ಜೇಬಿನಿಂದ ಕೈ ತೆಗೆದ. ಖಾಲಿ ಕೈ.

"ಯಾರೂ ಬಂದಿಲ್ಲ ಮೇಡಮ್."

"ಮತ್ತೆ ಆಕೇನ ಯಾಕೆ ನಾಳೆ ಬನ್ನಿ ಅಂದ್ರಿ?"

"ಊಟ ಆದ್ಮೇಲೆ... ಸ್ವಲ್ಪ ಕಣ್ಣು ಹತ್ತಿತ್ತು ಮೇಡಮ್."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಎರಡನೇ ಸಾಲಿನವನೇ. ನಗಲಿ ಬಿಡಿ, ಇನ್ನೆಷ್ಟು ಹೊತ್ತು!

ಸಭೆ ಮುಗಿದದ್ದೇ ಮಾಮ ಲಕೋಟೆಯನ್ನು ನೇರ ಸಸ್ಯಶಾಸ್ತ್ರದ ಮೇಡಮ್ ಕೈಗೆ ಕೊಟ್ಟ. ಅವರು ಒಡೆದು ಓದಿದರು. ಓದುತ್ತ ಓದುತ್ತ ಅವರ ಮುಖ ಗಟ್ಟಿಯಾಯಿತು. ಹುಡುಗಿಗೆ ಬರಹೇಳಿದರು, ಪ್ರಾಂಶುಪಾಲರಿಗೆ ಫೋನ್ ಮಾಡಿದರು. ನಾಲ್ಕೂವರೆಯೊಳಗೆ ಆ ಗೈಡ್‌ನ ಕೈಯಿಂದ ಪ್ರಾಜೆಕ್ಟೂ ಅಂಕಪಟ್ಟಿಯೂ ಹೋಗಿದ್ದವು, ವಿಚಾರಣೆ ಮುಗಿಯುವ ತನಕ ಕಾಲೇಜಿನೊಳಗೆ ಕಾಲಿಡಬಾರದೆಂಬ ಪತ್ರ ಬಂದಿತ್ತು.

"ಎಷ್ಟು ವರ್ಷದಿಂದ ಈ ಸಮಿತಿ ನಡೆಸ್ತಿದೀನಿ. ಇಷ್ಟು ಚೊಕ್ಕ ಹೇಳಿಕೆ ಒಂದೂ ಬಂದಿಲ್ಲ ಕಣ್ರೀ" ಎಂದರು ಮೇಡಮ್.

"ಹಾಗಾದ್ರೆ ತರಬೇತಿ ಮೇಡಮ್ಮಿಗೆ ಒಂದು ಮಾತು..."

"ಏನಂತ ಹೇಳಲಿ? ನನಗೂ ಬಾಯಿ ಬಿಡೋ ಹಾಗಿಲ್ವಲ್ಲ."

ಅದೂ ನಿಜವೇ. ಮಾಮ ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದ.

"ಫೇಲಾ?" ಅಂದಳು ಹೆಂಡತಿ. "ನಲವತ್ತು ಜನದಲ್ಲಿ ನೀವೊಬ್ಬರೇನಾ? ಅಂಥಾದ್ದೇನ್ರೀ ಮಾಡಿದ್ರಿ?"

"ಹೇಳೋ ಹಾಗಿಲ್ಲ ಕಣೆ."

"ನನಗೂ?"

"ನಿನಗೂ."

ಆ ಕಡೆ ಮಗಳ ಈಜುಬಳೆ ಗೋಡೆಗೆ ಉಜ್ಜುವ ಕೀಚು ಸದ್ದು ಕೇಳುತ್ತಿತ್ತು. ಕೊನೆಗೆ ಹೆಂಡತಿ ಹೇಳಿದಳು, "ನೋಡಿ, ಈ ಸಲ ನಾನು ಕಾಯಲ್ಲ. ನಾನೂ ಅವಳೂ ಹೋಗಿಬರ್ತೀವಿ. ನೀವು ಇಲ್ಲೇ ಇದ್ದು ಚೆನ್ನಾಗಿ ಓದ್ಕೊಂಡು ಪಾಸಾಗಿ. ಫೋಟೋ ಕಳಿಸ್ತೀವಿ."

ಮಾಮ ಫೋನನ್ನು ಜೇಬಿಗಿಟ್ಟುಕೊಂಡು, ಸೋತ ಕುಸ್ತಿಯವನ ಹಾಗೆ ಗೇಟಿನ ಕಡೆ ನಡೆದ. ಗೇಟಿನ ಬಳಿ ಆ ಹುಡುಗಿ ನಿಂತಿದ್ದಳು. ಅವನನ್ನು ಕಂಡು ಬೇಗ ಬೇಗ ಬಂದಳು.

"ಸರ್, ಸೋಮವಾರ ನನ್ನ ವಿಚಾರಣೆಯಂತೆ. ನಂಬಿಕೆ ಇರೋರು ಒಬ್ಬರನ್ನ ಜೊತೆಗೆ ಕೂರಿಸ್ಕೋಬಹುದಂತೆ. ನನಗೆ ಒಬ್ಬಳೇ ಹೋಗೋಕೆ ಧೈರ್ಯ ಇಲ್ಲ." ಅವಳು ನೆಲ ನೋಡಿದಳು. "ಆದ್ರೆ ರಜೆ ಅಲ್ವಾ. ನೀವು ಎಲ್ಲಾದ್ರೂ ಹೋಗ್ತೀರೇನೋ."

ಮಾಮ ಅವಳನ್ನೇ ನೋಡಿದ. ಬೆಳಿಗ್ಗೆಯಿಂದ ಹಿಡಿದು ನಿಂತಿದ್ದ ಏನೋ ಒಂದು ಎದೆಯಿಂದ ಇಳಿದು ಹೋಯಿತು.

"ಎಲ್ಲೂ ಹೋಗಲ್ಲ ಕಣಮ್ಮಾ. ಸೋಮವಾರದಿಂದ ಐದು ದಿನ ಇಲ್ಲೇ ಇರ್ತೀನಿ. ನಾನು ಫೇಲಾಗಿದೀನಿ."