ಹೊರೆ ಇಳಿಸುವ ಮಾಮಾ

ನಮ್ಮ ಮಾಮಾನಿಗೆ ನೆಟ್ಟಗೆ ನಮಸ್ಕಾರ ಮಾಡಿದವರು ಈ ಪುಣೆಯಲ್ಲಿ ಒಬ್ಬರೂ ಇಲ್ಲ. ನೀವು ಕೈ ಜೋಡಿಸುವ ಮೊದಲೇ ನಿಮ್ಮ ಹೆಗಲ ಚೀಲ ಅವನ ಕೈಯಲ್ಲಿರುತ್ತದೆ! ಅವನು ನನ್ನ ಅವ್ವನ ತಮ್ಮ. ಕಲಬುರಗಿ ಕಡೆಯಿಂದ ಮೀಸೆ ಮೂಡುವ ಮೊದಲೇ ಮುಂಬಯಿಗೆ ಹೋಗಿ, ಬಂದರಿನಲ್ಲಿ ಮೂಟೆ ಹೊತ್ತು ಸವೆದು, ಈಗ ಕಾತ್ರಜದ ನಮ್ಮ ಮನೆಯಲ್ಲಿ ವಿಶ್ರಾಂತಿಗೆ ಬಂದಿದ್ದಾನೆ. ವಿಶ್ರಾಂತಿ ಅವನಿಗೆ, ನಮಗಲ್ಲ.

ಬಂದರಿನಲ್ಲಿ ಒಂದು ಪದ್ಧತಿಯಂತೆ. ತಲೆ ಮೇಲಿನ ಮೂಟೆಯನ್ನು ಹೊತ್ತವನು ತಾನೇ ಇಳಿಸಬಾರದು, ಜೋಡಿದಾರ ಬಂದು ಕೈ ಹಚ್ಚಬೇಕು. "ಒಬ್ಬಾಂವ ಇಳಸ್ಲಿಕ್ಕೆ ಹೋದ್ರ ಕುತ್ತಿಗಿ ಹೋಗ್ತದ" ಎನ್ನುತ್ತಾನೆ. ಒಪ್ಪೋಣ. ಆದರೆ ಕೊತ್ತಂಬರಿ ಕಟ್ಟಿಗೂ ಜೋಡಿದಾರ ಬೇಕೇ?

ಇದರ ಜೊತೆಗೆ ಇನ್ನೊಂದು ಹುಚ್ಚು. ಚೀಲ ಇಳಿಸಿದ ಮೇಲೆ ಪ್ರಶ್ನೆ: "ಹಮಾಲ ಅಂದ್ರ ಏನು, ಹೇಳ್ರಿ?" ನಿಮಗೆ ಗೊತ್ತಿದ್ದರೂ ಹೇಳಗೊಡುವುದಿಲ್ಲ. "ಅರಬ್ಬೀ ಮಾತ್ರೀ ಅದು. ಹಮಲ ಅಂದ್ರ ಹೊರೂದು, ಹಮಾಲ ಅಂದ್ರ ಹೊರಾಂವ. ಹಡಗದಾಗ ಖರ್ಜೂರದ ಜೋಡಿ ಬಂತು. ಆ ಮಾತನ್ನೂ ನಾವ ಇಳಿಸಿಕೊಂಡಿವಿ." ನಾನು ನಿಘಂಟು ತೆಗೆದು ನೋಡಿದೆ. ಅರಬ್ಬೀ ಎಂಬುದು ನಿಜ, ಖರ್ಜೂರದ ಸುದ್ದಿ ಮಾತ್ರ ಎಲ್ಲೂ ಇರಲಿಲ್ಲ.

ಒಮ್ಮೆ ಸಾತಾರದ ಬಸ್ಸಿನಿಂದ ಇಳಿಯುತ್ತಿದ್ದ ಹೆಂಗಸಿನ ಗಂಟಿಗೆ ಕೈ ಹಾಕಿದ. ಆಕೆ "ಚೋರ್, ಚೋರ್" ಎಂದು ಕೂಗಿಕೊಂಡಳು. ಅವನನ್ನು ಹಿಡಿದೊಯ್ದ ಸುದ್ದಿ ತಿಳಿದು ನಾನು ಓಡಿ ಪೊಲೀಸ್ ಚೌಕಿಗೆ ಹೋದರೆ, ಮಾಮಾ ಪೊಲೀಸಪ್ಪನನ್ನೇ ಕೂರಿಸಿಕೊಂಡು, ಹಮಾಲ ಎಂಬ ಮಾತು ಎಲ್ಲಿಂದ ಬಂತೆಂದು ಮರಾಠಿಯಲ್ಲಿ ವಿಚಾರಣೆ ನಡೆಸುತ್ತಿದ್ದ. "ಸಾಹೇಬ, ಹಮಾಲ ಹಾ ಶಬ್ದ ಕುಠೂನ್ ಆಲಾ?" ಪೊಲೀಸಪ್ಪ ಖರ್ಜೂರದವರೆಗೂ ಕೇಳಿ, ಇವನನ್ನು ಕರೆದೊಯ್ಯಪ್ಪಾ ಎಂಬಂತೆ ನನ್ನತ್ತ ಕೈ ಮುಗಿದು, "ಘೇವೂನ್ ಜಾ ಬಾಬಾ" ಎಂದ. ಕರೆದುಕೊಂಡು ಬಂದೆ.

ಹೀಗಿರುವಾಗ ನನ್ನ ಮಗಳನ್ನು ನೋಡಲು ದೌಂಡದಿಂದ ಬೀಗರಾಗುವವರು ಬರುತ್ತೇವೆಂದರು. ಮಗಳಿಗೆ ಹುಡುಗ ಮೊದಲೇ ಮೆಚ್ಚುಗೆ. ನನ್ನ ಹೆಂಡತಿಗೆ ಮಾಮಾನದೇ ಚಿಂತೆ. "ಮಾಮಾ, ಇವತ್ತೊಂದಿನ ಆ ಹಮಾಲ ಗಿಮಾಲ ಬ್ಯಾಡ್ರಿ. ಪೋರ್ಟಿನ್ಯಾಗ ಇದ್ದೆ ಅನ್ರಿ, ಸಾಕು" ಎಂದಳು. ನಾನೂ ಹೂಂಗುಟ್ಟಿದೆ.

ಹುಡುಗನ ತಂದೆ ಒಳಗೆ ಕಾಲಿಟ್ಟದ್ದೇ ತಡ, ಮಾಮಾ ಅವರ ಚೀಲ ಹಿಡಿದ. ಅವರು ಬಿಡಲಿಲ್ಲ, ಇವನೂ ಬಿಡಲಿಲ್ಲ. ಹೊಸ್ತಿಲಲ್ಲೇ ಹಗ್ಗಜಗ್ಗಾಟ! ಗೆದ್ದವನು ಯಾರೆಂದು ಹೇಳಬೇಕಾಗಿಲ್ಲ. ಚಹಾ ಕುಡಿಯುತ್ತ ಅವರು ಕೇಳಿಯೇಬಿಟ್ಟರು: "ತಾವು ಏನ್ ಮಾಡ್ತಿದ್ರಿ ಯಜಮಾನ್ರ?"

"ಪೋರ್ಟಿನ್ಯಾಗ ಇದ್ದೆರಿ."

ಅಷ್ಟೇ. ಖರ್ಜೂರವಿಲ್ಲ, ಅರಬ್ಬಿಯಿಲ್ಲ. ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕುಳಿತ. ನಾನು ಓದಿದ್ದು ಆ ಕುತ್ತಿಗೆಯ ದುಡಿಮೆಯಿಂದ. ಅದು ಹೀಗೆ ಬಾಗಿದ್ದನ್ನು ನಾನು ಎಂದೂ ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು.

"ಹಮಾಲ ಇದ್ರು ರೀ ನಮ್ಮ ಮಾಮಾ," ಎಂದೆ. ಹೆಂಡತಿ ನನ್ನನ್ನೇ ದಿಟ್ಟಿಸಿದಳು. "ಅರಬ್ಬೀ ಮಾತ್ರೀ ಅದು. ಮಾಮಾ, ಮುಂದಿಂದು ನೀನ ಹೇಳು."

ಹೇಳಿದ, ಹೇಳಿದ, ದೌಂಡದ ರೈಲು ತಪ್ಪುವವರೆಗೂ ಹೇಳಿದ. ಬಂದವರು ಊಟಕ್ಕೂ ನಿಂತರು. ಹೊರಡುವಾಗ ಹುಡುಗನ ತಂದೆ ಚೀಲವನ್ನು ತಾವಾಗಿ ಮಾಮಾನ ಕೈಗಿಟ್ಟು, ಹೆಗಲು ಬಗ್ಗಿಸಿ ನಿಂತರು. "ಹೊರಸ್ರಿ ಯಜಮಾನ್ರ. ಲಗ್ನದ ತಾರೀಖು ನಿಮ್ಮ ಮುಂದನ ಹಿಡಿಯೂಣು."

ಅವರ ರಿಕ್ಷಾ ತಿರುವು ದಾಟಿತು. ಮಾಮಾ ಟವೆಲ್ಲಿನಿಂದ ಕಣ್ಣೊರೆಸಿಕೊಂಡು ನನ್ನ ಹೆಗಲಿಗೆ ಕೈ ಹಾಕಿದ.

"ಛಲೋ ಇಳಿಸಿದಿ ಮಗಾ," ಎಂದ. "ಕುತ್ತಿಗಿಗೆ ಏನೂ ಆಗ್ಲಿಲ್ಲ."